ಮೆಣಸೆಯ ಬಾವಿ ನಾರಿದ ಬೇಸಿಗೆ

ನೀರು ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ನನಗೆ ಫೋನ್ ಮಾಡಿ, "ಮೇಡಂ, ಯಾವ ಮೆಷಿನ್ ಒಳ್ಳೇದು?" ಎಂದು ಕೇಳುತ್ತಾರೆ. ಮೆಷಿನ್ ಆಮೇಲೆ, ಮೊದಲು ಜನ ತಂದ ಬಾಟಲಿ ನೋಡಿ ಎನ್ನುತ್ತೇನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಬಾವಿ ನೀರು ನೋಡುತ್ತ ತಲೆಗೂದಲು ಬಿಳಿ ಮಾಡಿಕೊಂಡವಳು ನಾನು. ಒಬ್ಬರು ಬಂದು, "ನಮ್ಮ ಬಾವಿ ನೀರು ಯಾಕೋ ಮಿಡಿ ಉಪ್ಪಿನಕಾಯಿ ವಾಸನೆ ಹೊಡೀತದೆ ಮಾರಾಯ್ರೆ" ಎಂದು ಬಾಟಲಿ ಮುಂದಿಟ್ಟರು. ಮುಚ್ಚಳದ ಒಳಗೆ ಇನ್ನೂ ಸಾಸಿವೆ ಅಂಟಿಕೊಂಡಿತ್ತು. ಅವರಿಗೆ ಬಾಟಲಿ ತೊಳೆಯುವ ವಿಧಾನ ಹೇಳಿ ಕಳಿಸಿದೆ. ಆ ಬಾವಿಯ ನೀರು ಮೂರು ತಾಲ್ಲೂಕಿನಲ್ಲೇ ಒಳ್ಳೆಯದರ ಸಾಲಿಗೆ ಸೇರುವಂಥದ್ದು ಎಂದು ಆಮೇಲೆ ಗೊತ್ತಾಯಿತು.

ಈ ಕೆಲಸದಲ್ಲಿ ನನಗೆ ಬಡ್ತಿ ಎಷ್ಟು ಸಿಕ್ಕಿತು, ಯಾವಾಗ ಸಿಕ್ಕಿತು ಎಂಬುದನ್ನು ಬರೆದರೆ ಓದುವವರಿಗೆ ಆಕಳಿಕೆ ಬರುತ್ತದೆ, ಬರೆಯುವ ನನಗೂ ಬರುತ್ತದೆ. ಮೂಗಿನ ವಿಷಯ ಬರೆಯುತ್ತೇನೆ. ನನಗೆ ಕೆಲಸ ಕಲಿಸಿದ ಹಿರಿಯರು ಅನಂತಯ್ಯ ಅಂತ. ನರಸಿಂಹರಾಜಪುರದಲ್ಲಿ ನಾನು ಕೆಲಸಕ್ಕೆ ಸೇರಿದ ದಿನವೇ ಅವರು ನನ್ನ ಮುಡಿಯ ಮಲ್ಲಿಗೆ ನೋಡಿ, "ನೀರು ಮೂಸುವವರು ಹೂವು ಮುಡಿಯೂದಲ್ಲಮ್ಮ, ಅದನ್ನ ದೇವರ ಫೋಟೊಕ್ಕೆ ಹಾಕಿ" ಎಂದರು. ಅಂದಿನಿಂದ ನಿವೃತ್ತಿಯವರೆಗೆ ಕೆಲಸದ ದಿನ ನಾನು ಹೂವು ಮುಡಿಯಲಿಲ್ಲ. ಪೌಡರ್ ಇಲ್ಲ, ಸೆಂಟ್ ಇಲ್ಲ, ಊಟದ ನಂತರ ಎಲೆಯಡಿಕೆಯೂ ಇಲ್ಲ. ಅವರು ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿ, ಮುಚ್ಚಿ, ಕುಲುಕಿ, ಮುಚ್ಚಳ ಸರಿಸಿ ಒಮ್ಮೆ ಮೂಸುತ್ತಿದ್ದರು. ಎರಡನೇ ಸಲ ಮೂಸಿದರೆ ಮೂಗು ಸುಳ್ಳು ಹೇಳಲು ಶುರು ಮಾಡುತ್ತದೆ ಎನ್ನುತ್ತಿದ್ದರು. ಮೂಸುವ ಮೊದಲೇ ಕಾರಣ ಹೇಳುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಆ ಉರಿ ನನಗೂ ಬಳುವಳಿಯಾಗಿ ಬಂತು.

ಅವರ ಜೊತೆ ನಾನು ನೋಡಿದ ಮೊದಲ ನಾರುವ ಬಾವಿ ಭದ್ರಾ ಹಿನ್ನೀರಿನ ಹತ್ತಿರದ ಒಂದು ಮನೆಯದು. ನೀರಿಗೆ ಡೀಸೆಲ್ ವಾಸನೆ. ಮನೆಯ ಯಜಮಾನರು ನಮ್ಮನ್ನು ಒಳಗೆ ಕರೆದು, ಬಾಗಿಲು ಅರೆ ಮುಚ್ಚಿ, ದನಿ ತಗ್ಗಿಸಿ, "ಯಾರಿಗೂ ಹೇಳಬೇಡಿ, ನಮ್ಮ ಜಾಗದ ಅಡಿ ಎಣ್ಣೆ ಇದ್ದಂಗೆ ಕಾಣ್ತದೆ. ಸರ್ಕಾರ ತಗೊಂಡ್ರೆ ಪರಿಹಾರ ಹ್ಯಾಂಗೆ?" ಎಂದು ಕೇಳಿದರು. ಅನಂತಯ್ಯ ಸೀದಾ ಬಾವಿಯ ಬಳಿ ಹೋದರು. ಬಾವಿಯ ಮೇಲೆ ಅಡ್ಡ ಹಲಗೆ ಹಾಕಿ ಅದರ ಮೇಲೆ ಪಂಪ್‌ಸೆಟ್ ಕೂರಿಸಿದ್ದರು. ಅದರ ಪೈಪಿನ ಬಾಯಿಂದ ಡೀಸೆಲ್ ತೊಟ್ಟಿಕ್ಕುತ್ತಿತ್ತು. "ಎಣ್ಣೆ ಇರೋದು ಹೌದು. ಮೇಲಿಂದ ಕೆಳಗೆ ಹೋಗ್ತಾ ಉಂಟು ಅಷ್ಟೇ" ಎಂದರು ಅನಂತಯ್ಯ. ಯಜಮಾನರು ಆ ದಿನ ನಮಗೆ ಕಾಫಿ ಕೊಡಲಿಲ್ಲ.

ಅನಂತಯ್ಯ ನಿವೃತ್ತರಾದ ಮೇಲೆ ನಾನು ಬಾಳಗಡಿಗೆ ಬಂದೆ. ಅಲ್ಲಿ ಬಾಡಿಗೆ ಕಟ್ಟಡವೊಂದರಲ್ಲಿ ನಮ್ಮ ಪ್ರಯೋಗಾಲಯವಿತ್ತು. ಅಷ್ಟು ಹೊತ್ತಿಗೆ ಕೆಲಸದ ರೀತಿಯೂ ಬದಲಾಗಿತ್ತು. ಹಳ್ಳಿ ಹಳ್ಳಿಗೂ ಒಂದು ಪುಟ್ಟ ಪರೀಕ್ಷೆಯ ಬಾಟಲಿ ಹೋಗತೊಡಗಿತು. ಒಳಗೆ ಮದ್ದು ಹಚ್ಚಿದ ಕಾಗದ ಇರುತ್ತದೆ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಪಾಯಖಾನೆಯ ಕೊಳೆ ಸೇರಿದ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಕೊಳೆಯ ಕ್ರಿಮಿಗಳು ಒಳಗೆ ಬೆಳೆದು, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬಿಡುತ್ತವೆ, ಆ ಅನಿಲ ಮದ್ದಿಗೆ ತಾಗಿ ಕಪ್ಪು. ಒಳ್ಳೆಯ ಬಾಟಲಿಯೇ, ನಾನು ದೂರುವುದಿಲ್ಲ. ಆದರೆ ಅದರ ಹಿಂದೆಯೇ ಮೊಬೈಲ್ ಬಂತು. ಬಾಟಲಿಯ ಫೋಟೊ ತೆಗೆದು ಕಳಿಸಿದರೆ ಕೂತಲ್ಲೇ ತೀರ್ಮಾನ ಕೊಡಬಹುದು ಎಂದಾಯಿತು. ಫೋಟೊದಲ್ಲಿ ವಾಸನೆ ಬರುವುದಿಲ್ಲ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಆಗ ನಮ್ಮ ಎಂಜಿನಿಯರ್ ಆಗಿದ್ದವರು ಹಿರಿಯಣ್ಣ ಸಾಹೇಬರು. ಒಳ್ಳೆಯ ಮನುಷ್ಯ, ಕೆಳಗಿನವರ ಮೇಲೆ ಕೂಗಾಡುವವರಲ್ಲ. ಆದರೆ ಅವರ ಹತ್ತಿರ ಎಲ್ಲ ರೋಗಕ್ಕೂ ಒಂದೇ ಮದ್ದು, ಬ್ಲೀಚಿಂಗ್ ಪೌಡರ್. ಕೊಪ್ಪದ ಹತ್ತಿರ ಒಂದು ಮನೆಯ ಬಾವಿಯಲ್ಲಿ ಇಲಿ ಸತ್ತು ನಾರುತ್ತಿತ್ತು. ಸಾಹೇಬರು ಇಲಿ ತೆಗೆಸಿ, ಕೈ ತುಂಬಾ ಧಾರಾಳವಾಗಿ ಪೌಡರ್ ಹಾಕಿಸಿದರು. ಎರಡು ದಿನ ಬಿಟ್ಟು ಆ ಮನೆಯ ಹೆಂಗಸು ನಮ್ಮ ಪ್ರಯೋಗಾಲಯಕ್ಕೆ ಒಂದು ಸೀರೆ ತಂದು ಮೇಜಿನ ಮೇಲೆ ಹರಡಿದರು. ಆ ನೀರಿನಲ್ಲಿ ಒಗೆದ ಮದುವೆಯ ಕೆಂಪು ಸೀರೆ, ಬಣ್ಣ ಹೋಗಿ ಅಲ್ಲಲ್ಲಿ ಗುಲಾಬಿ, ಸೆರಗಿನಲ್ಲಿ ಬಿಳಿ. "ಇದಕ್ಕಿಂತ ಇಲಿಯೇ ಅಡ್ಡಿ ಇರ್ಲಿಲ್ಲ ಮೇಡಂ" ಎಂದರು. ಸಾಹೇಬರು ಆ ಮಾತು ಕೇಳಿ ತಾವೇ ಮೊದಲು ನಕ್ಕುಬಿಟ್ಟರು.

ಇನ್ನು ಮೆಣಸೆ ಊರಿನ ವಿಷಯ. ಇದನ್ನು ಬರೆಯುವುದಕ್ಕೇ ನಾನು ಪೆನ್ನು ಹಿಡಿದದ್ದು. ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮೊದಲಿನ ಬೇಸಿಗೆ. ಒಂದು ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಒಬ್ಬಳು ಹೆಂಗಸು ಕೂತಿದ್ದಳು. ನಲವತ್ತರ ಒಳಗಿನ ವಯಸ್ಸು, ಹೆಸರು ಸುಜಾತ, ಊರು ಮೆಣಸೆ. ಕೈಯಲ್ಲಿ ಗಾಜಿನ ಬಾಟಲಿ, ಬಿಳಿ ಬಟ್ಟೆ ಸುತ್ತಿ ತಂದಿದ್ದಳು. "ಬಾಟಲಿ ಕುದಿಸಿದ್ದೇನೆ ಮೇಡಂ, ಮುಚ್ಚಳನೂ ಕುದಿಸಿದ್ದೇನೆ" ಎಂದಳು. ಅಷ್ಟಕ್ಕೇ ಅವಳ ಮೇಲೆ ನನಗೆ ಅರ್ಧ ಪ್ರೀತಿ ಬಂತು.

"ಇದು ನಮ್ಮ ಭಾವನ ಮನೆ ಬಾವಿ ನೀರು. ಒಂದು ತಿಂಗಳಿಂದ ನಾರ್ತಿದೆ. ನಮ್ಮ ಮನೆ ಪಾಯಖಾನೆ ಗುಂಡಿ ಅದಕ್ಕಿಂತ ಮೇಲೆ, ಹೋದ ವರ್ಷ ತೋಡಿಸಿದ್ದು. ಗುಂಡಿದೇ ಇಳೀತಿದೆ ಅಂತ ಎಲ್ಲ ಹೇಳ್ತಾರೆ. ಬಾಟಲಿ ಪರೀಕ್ಷೆನೂ ಕಪ್ಪು ಬಂತಂತೆ."

"ನೀವು ಎಂತ ಹೇಳ್ತೀರಿ?"

"ನಂಗೆ ಗೊತ್ತಿಲ್ಲ ಮೇಡಂ. ಹೌದು ಅಂತಾದ್ರೆ ನಾಳೆನೇ ಗುಂಡಿ ಮುಚ್ಚಿಸ್ತೇನೆ, ಅತ್ತೆ ಕಾಲು ಹಿಡ್ಕೊಳ್ತೇನೆ. ಅಲ್ಲ ಅಂತಾದ್ರೆ ಅದನ್ನ ನೀವೇ ಬಂದು ಅವರೆಲ್ಲರ ಎದುರು ಹೇಳ್ಬೇಕು."

ಕೂರಿಸಿ ಕೇಳಿದಾಗ ಉಳಿದದ್ದೂ ಹೊರಗೆ ಬಂತು. ಅಣ್ಣ ತಮ್ಮ ಇಬ್ಬರ ಮನೆಯೂ ಒಂದೇ ಇಳಿಜಾರಿನಲ್ಲಿ. ಕೆಳಗಿನದು ಅಣ್ಣ ಗಣಪಯ್ಯನವರದು, ತಾಯಿ ಪಾರ್ವತಮ್ಮ ಅವರ ಜೊತೆ ಇದ್ದರು. ಮೇಲಿನದು ಸುಜಾತಳ ಮನೆ. ಅವಳ ಗಂಡ ಅಣ್ಣನ ಎದುರು ಬಾಯಿ ತೆರೆಯುವವನಲ್ಲ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು "ಆಸರಿಗೆ ಎಂತ ಕೊಡ್ಲಿ?" ಎಂದು ಕೇಳುತ್ತೇವೆ. ಬಾಯಾರಿಕೆಗೆ ನೀರು ಬೆಲ್ಲವೋ, ಮಜ್ಜಿಗೆಯೋ. ಬಾವಿ ನಾರಲು ಶುರುವಾದ ಮೇಲೆ ಗಣಪಯ್ಯ ತಮ್ಮನ ಮನೆಯಲ್ಲಿ ಆಸರಿಗೆ ಕುಡಿಯುವುದನ್ನು ಬಿಟ್ಟರು. ದಿನಾ ಸಂಜೆ ಬಂದು ಕೂರುತ್ತಿದ್ದ ಪಾರ್ವತಮ್ಮನೂ ಬರಲಿಲ್ಲ. ಸುಜಾತಳ ಮನೆಗೆ ನೀರು ಬರುವುದು ಗುಡ್ಡದ ಮೇಲಿನ ಅಬ್ಬಿಯ ಝರಿಯಿಂದ ಪೈಪಿನಲ್ಲಿ, ಆ ಬಾವಿಗೂ ಇದಕ್ಕೂ ಸಂಬಂಧವೇ ಇಲ್ಲ. ಆದರೆ ಹೊಲಸು ಮಾಡಿದವರ ಮನೆ ಎಂದು ಹೆಸರು ಬಿದ್ದ ಮೇಲೆ ಪೈಪು ಯಾರು ನೋಡುತ್ತಾರೆ? ನೆರೆಮನೆಯವರೂ ಜಗಲಿಯಿಂದಲೇ ಮಾತಾಡಿ ಹೋಗತೊಡಗಿದ್ದರು.

"ಈ ಸಲ ಮಾವನ ತಿಥಿ ಬೇರೆ ಬೇರೆ ಮಾಡುವ ಅಂದಿದ್ದಾರೆ ಭಾವ" ಎಂದಳು ಸುಜಾತ. ಅಷ್ಟು ಹೊತ್ತು ಗಟ್ಟಿಯಾಗಿದ್ದವಳ ದನಿ ಅಲ್ಲಿ ಒಡೆಯಿತು. ಅಪ್ಪನ ತಿಥಿಯನ್ನು ಅಣ್ಣ ತಮ್ಮ ಬೇರೆ ಬೇರೆ ಮಾಡಿದರೆ ಆ ಮನೆ ಒಡೆಯಿತು ಎಂದೇ ಲೆಕ್ಕ. ನನಗೆ ಸಿಟ್ಟು ಬಂತು.

ಅವಳನ್ನು ಕಳಿಸಿ ನೀರು ಬೆಚ್ಚಗೆ ಮಾಡಿ ಮೂಸಿದೆ. ಕೊಳೆತ ಮೊಟ್ಟೆಯ ವಾಸನೆ, ಹೌದು. ಆದರೆ ಅದರ ಹಿಂದೆ ಇನ್ನೊಂದಿತ್ತು. ಗದ್ದೆಗೆ ಸೊಪ್ಪು ತುಳಿದು ಕೊಳೆಸಿದಾಗ ಬರುತ್ತದಲ್ಲ, ಆ ಹಸಿ ಕೊಳೆ. ಪಾಯಖಾನೆ ಗುಂಡಿಯ ವಾಸನೆ ಹೀಗಿರುವುದಿಲ್ಲ. ಆಮೇಲೆ ಉಪ್ಪಿನ ಅಂಶ ನೋಡಿದೆ. ಮನುಷ್ಯರ ಮೂತ್ರದಲ್ಲಿ ಉಪ್ಪಿರುತ್ತದೆ, ಗುಂಡಿ ಸೋರಿ ಬಾವಿಗೆ ಇಳಿದರೆ ಬಾವಿಯ ಉಪ್ಪು ಏರಲೇಬೇಕು. ಈ ನೀರು ಮಳೆ ನೀರಿನಷ್ಟೇ ಸಪ್ಪೆ. ನಾನು ಕೂಡಲೇ ಹಿರಿಯಣ್ಣ ಸಾಹೇಬರಿಗೆ ಫೋನ್ ಮಾಡಿದೆ. ಗುಂಡಿ ಮುಚ್ಚಿಸಬೇಕು ಎಂದು ಊರಿನವರಿಗೆ ಹೇಳಿದ್ದು ಅವರೇ.

"ಬಾಟಲಿ ಕಪ್ಪಾಗಿದೆಯಲ್ಲ ಮೇಡಂ, ಫೋಟೊ ಬಂದಿದೆ. ಇನ್ನೇನು?" ಎಂದರು.

"ನೀರು ತುಂಬಿ ಎಷ್ಟು ಹೊತ್ತಿಗೆ ಕಪ್ಪಾಯ್ತು ಸಾರ್?"

"ಅದು ಫೋಟೊದಲ್ಲಿ ಹೇಗೆ ಗೊತ್ತಾಗ್ತದೆ?"

"ನಾನೂ ಅದನ್ನೇ ಕೇಳ್ತಿರೋದು."

"ನಾಳೆ ಜೀಪು ತರ್ತೇನೆ, ಹೋಗಿ ನೋಡುವ" ಎಂದರು ಸಾಹೇಬರು.

ಗಣಪಯ್ಯನವರ ಮನೆಯಲ್ಲಿ ನಮಗೆ ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ. ನೆರೆಮನೆಯಿಂದ ಹೊತ್ತು ತಂದ ನೀರಿನಲ್ಲಿ ಕಾಫಿ ಮಾಡಿಕೊಟ್ಟರು. ಸುಜಾತಳನ್ನೂ ಅವಳ ಗಂಡನನ್ನೂ ಕರೆಸಬೇಕು ಎಂದು ನಾನು ಹಟ ಹಿಡಿದೆ. ಇಬ್ಬರೂ ಬಂದು ಅಂಗಳದ ತುದಿಯಲ್ಲಿ ನಿಂತರು. ಜಗಲಿಗೆ ಹತ್ತಿ ಎಂದು ಯಾರೂ ಹೇಳಲಿಲ್ಲ. ಬಾವಿಯಿಂದ ಹೊಸದಾಗಿ ನೀರು ಸೇದಿಸಿ, ಎಲ್ಲರ ಎದುರು ಪರೀಕ್ಷೆಯ ಬಾಟಲಿಗೆ ತುಂಬಿ, ಜಗಲಿಯ ಮೇಲಿಟ್ಟು ಕಾಫಿ ಕೈಗೆ ತೆಗೆದುಕೊಂಡೆ. ಲೋಟ ಅರ್ಧವಾಗುವಷ್ಟರಲ್ಲಿ ಬಾಟಲಿ ಕಪ್ಪಾಯಿತು.

"ನೋಡಿದ್ರಾ? ಅಷ್ಟು ಜೋರಿದೆ ಕೊಳೆ" ಎಂದರು ಗಣಪಯ್ಯ.

"ಗಣಪಯ್ಯನವರೇ, ನಿಮ್ಮ ಮನೇಲಿ ದೋಸೆ ಹಿಟ್ಟು ರುಬ್ಬಿದ ಕೂಡಲೆ ಹುಳಿ ಬರ್ತದಾ?"

"ಅದು ಹ್ಯಾಂಗೆ ಬರ್ತದೆ? ರಾತ್ರಿ ಬೆಳಗಾಗ್ಬೇಕು."

"ಇದೂ ಹಂಗೇ. ಪಾಯಖಾನೆ ಕ್ರಿಮಿ ಎಷ್ಟೇ ಜೋರಿರ್ಲಿ, ಬಾಟಲಿ ಒಳಗೆ ಬೆಳೀಲಿಕ್ಕೆ ಒಂದು ದಿನ ಬೇಕು. ಇದು ಅರ್ಧ ಲೋಟ ಕಾಫಿಗೆ ಕಪ್ಪಾಯ್ತು. ಅಂದ್ರೆ ಕಪ್ಪು ಮಾಡೋ ಅನಿಲ ಬಾಟಲೀಲಿ ಹುಟ್ಟಿದ್ದಲ್ಲ, ಬಾವಿಯಲ್ಲೇ ಇದೆ. ನಿಮ್ಮ ಬಾವಿ ಒಳಗೆ ಎಂತದೋ ಕೊಳೀತಾ ಇದೆ."

ಹಿರಿಯಣ್ಣ ಸಾಹೇಬರು ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ನನ್ನ ಮುಖ ನೋಡಿ, "ಹೌದಲ್ಲ" ಎಂದರು. ಅವರಲ್ಲಿ ನನಗೆ ಇಷ್ಟವಾಗಿದ್ದೇ ಆ ಗುಣ.

ಗಣಪಯ್ಯ ಒಪ್ಪಲಿಲ್ಲ. ಬಾವಿಗೆ ಎಂತದೂ ಬಿದ್ದಿಲ್ಲ, ಮೇಲೆ ಬಲೆ ಇದೆ, ಇಲಿ ಇಲ್ಲ, ಹೆಗ್ಗಣ ಇಲ್ಲ, ಈ ವರ್ಷವೇ ಕೆಸರು ತೆಗೆಸಿದ್ದೇನೆ ಎಂದರು. ಸುಳ್ಳು ಹೇಳುವ ಮುಖವಲ್ಲ ಅದು. ನಾನು ಎದ್ದು ಬಾವಿಕಟ್ಟೆಗೆ ಹೋದೆ. ಅಲ್ಲಿ ಹಳೆಯ ಕಬ್ಬಿಣದ ಬಕೆಟ್ ಒಂದಿತ್ತು. ಬಗ್ಗಿ ನೋಡಿದರೆ ಒಳಗೆಲ್ಲ ನೀಲಿ ಮಿಶ್ರಿತ ಕಪ್ಪು, ಶಾಯಿ ಚೆಲ್ಲಿದಂತೆ. ಪಾರ್ವತಮ್ಮ ಹಿಂದೆಯೇ ಬಂದಿದ್ದರು. "ಎಷ್ಟು ತಿಕ್ಕಿದ್ರೂ ಹೋಗೂದಿಲ್ಲ ಅದು. ನೆಲ್ಲಿಕಾಯಿ ಕೊಚ್ಚಿದ ಕತ್ತಿ ಹಂಗೆ ಆಗಿದೆ" ಎಂದರು.

ನನ್ನ ಕಿವಿ ನೆಟ್ಟಗಾಯಿತು. ಕಬ್ಬಿಣಕ್ಕೆ ನೆಲ್ಲಿಯ ಒಗರು ತಾಗಿದರೆ ಕಪ್ಪಾಗುತ್ತದೆ ಎಂಬುದು ಉಪ್ಪಿನಕಾಯಿ ಹಾಕುವ ಎಲ್ಲರಿಗೂ ಗೊತ್ತು. ಪಾಯಖಾನೆ ನೀರು ಬಕೆಟನ್ನು ಹಾಗೆ ಮಾಡುವುದಿಲ್ಲ. ಹೊಸದಾಗಿ ಕೆಲಸಕ್ಕೆ ಬಂದವರು ಇದೊಂದನ್ನು ಮರೆಯಬೇಡಿ. ಬಾವಿಗೆ ಎಂತ ಬಿತ್ತು ಎಂದು ಕೇಳಿದರೆ ಜನ ಕಸದ ಲೆಕ್ಕ ಹೇಳುತ್ತಾರೆ, ಮದ್ದಿನ ಲೆಕ್ಕ ಹೇಳುವುದಿಲ್ಲ. ನಾನು ಪ್ರಶ್ನೆ ತಿರುಗಿಸಿದೆ.

"ಅಮ್ಮ, ಬಾವಿಗೆ ಎಂತ ಬಿದ್ದಿದೆ ಅಂತ ಕೇಳೂದಿಲ್ಲ ನಾನು. ನೀರು ಚೆನ್ನಾಗ್ಲಿ ಅಂತ ಈ ಸಲ ಎಂತ ಮಾಡಿದ್ರಿ?"

"ಎಂತ ಹೊಸತಲ್ಲ. ಕೆಸರು ತೆಗೆದ ಮೇಲೆ ನೆಲ್ಲಿ ಹಾಕಿದ್ದು. ಇವರಪ್ಪನ ಕಾಲದಿಂದ ಹಾಕ್ತಾರೆ. ನೀರು ಸಿಹಿ ಆಗ್ತದೆ" ಎಂದರು ಪಾರ್ವತಮ್ಮ ಖುಷಿಯಿಂದ.

ಹಾಕುತ್ತಾರೆ, ನಿಜ. ಒಣಗಿದ ನೆಲ್ಲಿ ಮರದ ತಿರುಳಿನ ಹಲಗೆಯೊಂದನ್ನು ಬಾವಿಯ ತಳದಲ್ಲಿ ಹುದುಗಿಸುವುದು ಹಳೆಯ ಪದ್ಧತಿ. ಅದರಿಂದ ಕೆಟ್ಟ ಬಾವಿಯನ್ನು ನಾನು ನೋಡಿಲ್ಲ. "ಹಲಗೆ ಹಾಕಿದ್ರಾ?" ಎಂದು ಗಣಪಯ್ಯನವರನ್ನು ಕೇಳಿದೆ.

"ಹಲಗೆ ಕೊಯ್ಯಲಿಕ್ಕೆ ಆಚಾರಿ ಸಿಗ್ಲಿಲ್ಲ ಈ ಸಲ. ಅಪ್ಪ ಹಾಕ್ತಿದ್ದದ್ದು ಒಂದು ತುಂಡು. ಅಮ್ಮನಿಗೆ ನೀರು ಮೊದಲಿನ ಹಂಗೆ ರುಚಿ ಇಲ್ಲ ಅಂತ ಬೇಜಾರಿತ್ತು. ಅದಕ್ಕೆ ನಾನು ಹಿತ್ತಲಿನ ನೆಲ್ಲಿಯ ಗೆಲ್ಲು, ಕೊಂಬೆ ಪೂರಾ ಕಡಿದು, ಕಲ್ಲು ಕಟ್ಟಿ..." ಎಂದು ಹೆಮ್ಮೆಯಿಂದ ಶುರು ಮಾಡಿದವರು ಅಲ್ಲಿಗೇ ನಿಂತರು. ಕೈ ಗಾಳಿಯಲ್ಲೇ ಉಳಿಯಿತು.

"ಸೊಪ್ಪು ಸಮೇತ?" ಎಂದೆ.

ಅವರು ಬಗ್ಗಿ ಬಾವಿಯೊಳಗೆ ನೋಡಿದರು. ಸುಜಾತ ಅಂಗಳದ ತುದಿಯಿಂದ ನಾಲ್ಕು ಹೆಜ್ಜೆ ಮುಂದೆ ಬಂದಿದ್ದಳು.

ಬಾವಿಗೆ ಯಾರೂ ಇಳಿಯಕೂಡದು ಎಂದು ನಾನು ಮೊದಲೇ ಗದರಿಸಿದೆ. ಆ ಅನಿಲ ತಳದಲ್ಲಿ ಕೂತಿದ್ದರೆ ಆಳು ಉಳಿಯುವುದಿಲ್ಲ, ಇದನ್ನೂ ಹೊಸಬರು ನೆನಪಿಡಬೇಕು. ಪಂಪ್ ಹಾಕಿ ನೀರು ಇಳಿಸಿ, ಬಾವಿಗೆ ಬಿದ್ದ ಕೊಡಪಾನ ಎತ್ತುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿದರು. ಆಳು ಕೈ ಚಾಚಿದಾಗ ಗಣಪಯ್ಯ ಕೊಡಲಿಲ್ಲ, "ಹಾಕಿದವ ನಾನು, ತೆಗೆಯೂದೂ ನಾನೇ" ಎಂದು ಹಗ್ಗವನ್ನು ತಾವೇ ಇಳಿಬಿಟ್ಟರು. ಕೊಕ್ಕೆಗೆ ಸಿಕ್ಕಿ ಮೊದಲ ಗೆಲ್ಲು ಮೇಲೆ ಬಂತು. ಕಾಡಿಗೆಯಂತೆ ಕಪ್ಪು, ಸಿಪ್ಪೆ ಲೋಳೆಯಾಗಿ ಜೋತು ಬಿದ್ದಿತ್ತು, ಎಲೆಯೆಲ್ಲ ಕರಗಿ ಗೊಜ್ಜಾಗಿತ್ತು. ವಾಸನೆಗೆ ಹಿರಿಯಣ್ಣ ಸಾಹೇಬರು ಕರವಸ್ತ್ರ ಮುಚ್ಚಿಕೊಂಡು ಜೀಪಿನ ತನಕ ಹೋದರು. ನಾನು ಹೋಗಲಿಲ್ಲ. ಆ ವಾಸನೆ ಕುಡಿದು ನನಗೆ ಆದ ಸಂತೋಷವನ್ನು ಏನೆಂದು ಬರೆಯಲಿ? ಅನಂತಯ್ಯ ಇದ್ದಿದ್ದರೆ ಎಂದು ಅನ್ನಿಸಿತು. ಒಂದರ ಹಿಂದೆ ಒಂದು ಗೆಲ್ಲು ಬರುತ್ತಲೇ ಇತ್ತು, ನೋಡಲು ನೆರೆಮನೆಯವರೂ ಸೇರಿದರು.

ಎಲ್ಲರೂ ಇದ್ದಾಗ, ಸುಜಾತ ಕೇಳಿದ್ದಂತೆ, ನಾನು ಗಟ್ಟಿಯಾಗಿ ಹೇಳಿದೆ. "ಸುಜಾತಳ ಮನೆ ಗುಂಡಿಯಿಂದ ಈ ಬಾವಿಗೆ ಒಂದು ತೊಟ್ಟೂ ಇಳಿದಿಲ್ಲ. ಉಪ್ಪು ನೋಡಿದ್ದೇನೆ, ವಾಸನೆ ನೋಡಿದ್ದೇನೆ, ನೀವೂ ಕಣ್ಣಾರೆ ನೋಡಿದ್ರಿ. ಯಾರಾದ್ರೂ ಇನ್ನೊಮ್ಮೆ ಗುಂಡಿ ಅಂದ್ರೆ ಅವರನ್ನ ಬಾಳಗಡಿಗೆ ಕಳಿಸಿ." ಅಷ್ಟರಲ್ಲಿ ವಾಪಸ್ ಬಂದಿದ್ದ ಸಾಹೇಬರು, "ಗುಂಡಿ ಮುಚ್ಚಿ ಅಂತ ಹೇಳಿದ್ದು ನಾನು. ತಪ್ಪಾಯ್ತು ತಾಯಿ" ಎಂದು ಅವಳಿಗೆ ಕೈ ಮುಗಿದರು. ಅಂಥ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ.

ಆ ಬಾವಿ ತಿಳಿಯಾಗಲು ಸ್ವಲ್ಪ ದಿನ ಹಿಡಿಯಿತು. ನೀರು ಖಾಲಿ ಮಾಡಿ ತುಂಬಲು ಬಿಟ್ಟು, ಮತ್ತೆ ಖಾಲಿ ಮಾಡಿ, ಕೊನೆಗೆ ಸಾಹೇಬರ ಬ್ಲೀಚಿಂಗ್ ಪೌಡರನ್ನು ನಾನೇ ಅಳೆದು ಹಾಕಿಸಿದೆ. ಪೌಡರಿನ ವಾಸನೆ ಪೂರ್ತಿ ಹೋದ ಮೇಲೆ ತುಂಬಿಟ್ಟ ಬಾಟಲಿ ದಿನಗಟ್ಟಲೆ ಇಟ್ಟರೂ ಕಪ್ಪಾಗಲಿಲ್ಲ. ತಿಥಿ ಒಂದೇ ಮನೆಯಲ್ಲಿ, ಅದೇ ಬಾವಿಯ ನೀರಿನಲ್ಲಿ ನಡೆಯಿತು. ಮರುವರ್ಷ ಆಚಾರಿ ಸಿಕ್ಕಿ ಒಣ ಹಲಗೆಯೂ ಬಿತ್ತಂತೆ. ನಾನು ನಿವೃತ್ತಳಾದ ದಿನ ಸುಜಾತ ಬಾಳಗಡಿಗೆ ಬಂದು ಒಂದು ಮೊಳ ಮಲ್ಲಿಗೆ ಮುಡಿಸಿ ಹೋದಳು.

ಆದರೆ ನನ್ನ ಕಣ್ಣಿನಲ್ಲಿ ಉಳಿದಿರುವುದು ಗೆಲ್ಲು ಎತ್ತಿದ ಆ ಮಧ್ಯಾಹ್ನ. ಕೊನೆಯ ಗೆಲ್ಲು ಮೇಲೆ ಬಂದ ಮೇಲೆ ಗಣಪಯ್ಯ ಹಗ್ಗ ಕೆಳಗಿಟ್ಟರು. ಯಾರ ಮುಖವನ್ನೂ ನೋಡಲಿಲ್ಲ. ಪಂಚೆ ಎತ್ತಿ ಕಟ್ಟಿ, ದರೆಯ ಏರು ಹತ್ತಿ ತಮ್ಮನ ಮನೆಯ ಕಡೆ ನಡೆದರು. ಪಾರ್ವತಮ್ಮ ಅವರ ಹಿಂದೆ, ಅವರ ಹಿಂದೆ ನಾವೆಲ್ಲ. ಜಗಳಕ್ಕೆ ಹೊರಟರೋ ಎಂದು ನನಗೆ ಹೆದರಿಕೆ. ಗಣಪಯ್ಯ ಸೀದಾ ಹೋಗಿ ಸುಜಾತಳ ಜಗಲಿಯಲ್ಲಿ, ತಾವು ಮೊದಲು ಕೂರುತ್ತಿದ್ದ ಕಂಬದ ಬುಡದಲ್ಲಿ ಕೂತರು. ಒಂದು ತಿಂಗಳಿಂದ ಖಾಲಿ ಇದ್ದ ಜಾಗ ಅದು.

"ಸುಜಾತ, ಆಸರಿಗೆ ಎಂತಾದ್ರೂ ಕೊಡು" ಎಂದರು.

ಸುಜಾತ ಜಗಲಿ ಹತ್ತಿ ಬಾಗಿಲಲ್ಲಿ ನಿಂತು ಅವರನ್ನೇ ನೋಡಿದಳು. ಕಣ್ಣು ತುಂಬಿಕೊಂಡಿತ್ತು, ಆದರೆ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳದ ನಲ್ಲಿಯ ಕಡೆ ಕೈ ತೋರಿಸಿದಳು.

"ಮೊದಲು ಕೈ ತೊಳ್ಕೊಂಡು ಬನ್ನಿ ಭಾವ. ನಾರ್ತಿದ್ದೀರಿ."